ಶಿಶುಗಳ ಬೆಳವಣಿಗೆಯೂ ನಮ್ಮ ಕಾಲಹರಣವೂ

ಒಂದೂವರೆ ವರ್ಷ ತುಂಬಿದರೂ ಹೆಜ್ಜೆಯಿಡದ ಮಗು, ಎರಡು ವರ್ಷ ತುಂಬಿದರೂ ಮಾತೆತ್ತದ ಮಗು, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗು ಮನೆಯಲ್ಲಿರುವಾಗ ನಮ್ಮ ಹಿರಿಯರು ಹೇಳುವ ಸಮಾಧಾನದ ಮಾತು ಬಹುಮಟ್ಟಿಗೆ ಒಂದೇ. “ಅವಸರವೇಕೆ? ಅದರ ಅಪ್ಪನೂ ಮೂರು ವರ್ಷಕ್ಕೇ ಬಾಯಿಬಿಟ್ಟದ್ದು” ಎನ್ನುವರು, ನಾಲಗೆಗೆ ಬಜೆ ತೇದು ಹಚ್ಚುವರು, ಮನೆದೇವರಿಗೆ ಹರಕೆ ಹೊರುವರು. ಈ ಮಾತಿನಲ್ಲಿ ಪ್ರೀತಿಯುಂಟು. ಅನೇಕ ವೇಳೆ ಅದು ನಿಜವೂ ಆಗುತ್ತದೆ. ಆದರೆ ನಿಜವಾಗದೆ ಹೋದ ಮನೆಗಳಲ್ಲಿ, ಹಾಗೆ ಕಳೆದುಹೋದ ಒಂದು ವರ್ಷವನ್ನು ಯಾವ ವೈದ್ಯನೂ ಹಿಂದಕ್ಕೆ ತಂದುಕೊಡಲಾರನು.

ಈ ನಿಧಾನವನ್ನು ಹಳ್ಳಿಯ ಅಜ್ಞಾನವೆಂದು ಹಳಿಯುವುದು ವಿದ್ಯಾವಂತರಿಗೆ ಸುಲಭ. ನಮ್ಮ ಅಭಿಪ್ರಾಯ ಬೇರೆ. ಅಜ್ಜಿಯು ಆರು ತಿಂಗಳು ಕಾಯೋಣವೆಂದಾಳು. ಆದರೆ ತಾಯಿಯು ಕಡೆಗೊಮ್ಮೆ ಮನಸ್ಸು ಗಟ್ಟಿಮಾಡಿಕೊಂಡು ಮಗುವನ್ನೆತ್ತಿ ಹೊರಟ ಮೇಲೆ ಅವಳನ್ನು ಊರಿಂದೂರಿಗೆ, ಕೋಣೆಯಿಂದ ಕೋಣೆಗೆ ಅಲೆಯಿಸಿ ಅದಕ್ಕಿಂತ ಹೆಚ್ಚು ಕಾಲ ಕಾಯಿಸತಕ್ಕವು ನಮ್ಮ ಏರ್ಪಾಡುಗಳೇ. ದೋಷದ ಹೆಚ್ಚಿನ ಪಾಲು ಆಡಳಿತದ್ದೆಂಬುದನ್ನೂ, ಅದು ತಿದ್ದಲಾಗದ ದೋಷವೇನಲ್ಲವೆಂಬುದನ್ನೂ ವಾಚಕರ ಮುಂದೆ, ಅದರಲ್ಲಿಯೂ ಅಧಿಕಾರಸ್ಥಾನದಲ್ಲಿರುವ ವಾಚಕರ ಮುಂದೆ, ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಲಕ್ಕೆ ಇಷ್ಟು ಬೆಲೆಯೇಕೆಂದರೆ, ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮಿದುಳು ವಯಸ್ಕನ ಮಿದುಳಿನ ಗಾತ್ರದ ಮುಕ್ಕಾಲು ಪಾಲನ್ನು ಮೀರಿ ಬೆಳೆದಿರುತ್ತದೆ. ನೋಡುವುದು, ಕೇಳುವುದು, ನುಡಿಯುವುದು, ಎದುರಿನವರ ಮುಖಭಾವವನ್ನರಿಯುವುದು, ಇವೆಲ್ಲಕ್ಕೂ ಬೇಕಾದ ನರಗಳ ಹೆಣಿಗೆಯು ಬಹುಮಟ್ಟಿಗೆ ಆ ಎಳೆತನದಲ್ಲಿಯೇ ನಡೆಯತಕ್ಕದ್ದು. ಮುಂದೆ ಕಲಿಯಲು ಆಗುವುದೇ ಇಲ್ಲವೆಂದಲ್ಲ. ಆದರೆ ಆಗ ಶ್ರಮವು ಹೆಚ್ಚು, ಫಲವು ಕಡಿಮೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರೇ ಹೇಳುತ್ತಾರೆ. ಆದರೆ ಅದನ್ನು ತುಂಟ ಹುಡುಗರ ಮೇಲೆ ಮಾತ್ರ ಪ್ರಯೋಗಿಸುತ್ತಾರೆ.

ಕಿವಿಯ ವಿಷಯವನ್ನೇ ತೆಗೆದುಕೊಳ್ಳೋಣ. ಹುಟ್ಟುಗಿವುಡಾದ ಮಗುವೂ ಮೊದಲ ಕೆಲವು ತಿಂಗಳು ಇತರ ಮಕ್ಕಳಂತೆಯೇ ಕೇಕೆ ಹಾಕುತ್ತದೆ, ತೊದಲುತ್ತದೆ, ನಗುತ್ತದೆ. ತನ್ನ ದನಿಯೂ ಪರರ ದನಿಯೂ ಕೇಳದುದರಿಂದ ಕ್ರಮೇಣ ಆ ತೊದಲು ಬತ್ತಿಹೋಗುತ್ತದೆ; ಆದರೆ ಹಾಗೆ ಬತ್ತಿಹೋಗುವುದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಸಂದೇಹ ಬಂದವರು ಮಗುವಿನ ಹಿಂದೆ ನಿಂತು ತಟ್ಟೆ ಬಡಿದು ನೋಡುವರು. ನೆಲದ ಅದುರನ್ನು ತಿಳಿದೋ, ಎದುರಿಗಿದ್ದವರ ಕಣ್ಣು ಹೊರಳಿದ್ದನ್ನು ಕಂಡೋ ಮಗು ತಿರುಗುತ್ತದೆ. “ಕಿವಿ ಚೆನ್ನಾಗಿದೆ” ಎಂಬ ತೀರ್ಪಾಗುತ್ತದೆ. ಅಲ್ಪಸ್ವಲ್ಪ ಕೇಳುವ ಮಗುವಾದರಂತೂ ಬಾಗಿಲು ಬಡಿದ ಸದ್ದಿಗೆ ಬೆಚ್ಚಿ, ತಾಯಿಯ ಮಾತಿಗೆ ಸುಮ್ಮನಿದ್ದು, ಮೊಂಡುಮಗುವೆಂಬ ಹೆಸರನ್ನು ಪಡೆಯುತ್ತದೆ.

ಈ ಮನೆಪರೀಕ್ಷೆಯ ಬದಲು ಬಲು ಸುಲಭವಾದ ಯಂತ್ರಪರೀಕ್ಷೆಯೊಂದಿದೆ. ನಿದ್ರಿಸುವ ಕೂಸಿನ ಕಿವಿಯಲ್ಲಿ ಸಣ್ಣ ಬಿರಡೆಯನ್ನಿಟ್ಟು ಮೆಲುದನಿಯನ್ನು ಬಿಟ್ಟರೆ, ಸರಿಯಾದ ಒಳಗಿವಿಯಿಂದ ಒಂದು ಕ್ಷೀಣವಾದ ಪ್ರತಿಧ್ವನಿಯು ಹಿಂದಿರುಗುತ್ತದೆ. ಯಂತ್ರವು ಅದನ್ನು ಗುರುತಿಸುತ್ತದೆ. ಕೆಲವು ನಿಮಿಷಗಳ ಕೆಲಸ, ನೋವಿಲ್ಲ, ಸೂಜಿಯಿಲ್ಲ. ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿಶ್ಚಯ, ಆರು ತಿಂಗಳೊಳಗೆ ಸಹಾಯದ ಆರಂಭ: ಇದು ಈ ಶಾಸ್ತ್ರದ ತಜ್ಞರು ಲೋಕದಾದ್ಯಂತ ಒಪ್ಪಿರುವ ಲೆಕ್ಕ. ಶ್ರವಣಯಂತ್ರದಿಂದಾಗಲಿ, ಶಸ್ತ್ರಚಿಕಿತ್ಸೆಯಿಂದಾಗಲಿ, ಸಂಜ್ಞಾಭಾಷೆಯಿಂದಾಗಲಿ, ಆ ವಯಸ್ಸಿನಲ್ಲಿ ಮಗುವಿಗೆ ಒಂದು ಭಾಷೆ ದೊರೆತರೆ ಅದು ಇತರ ಮಕ್ಕಳ ಸಮಕ್ಕೆ ಬೆಳೆಯುವ ಆಸೆಯುಂಟು. ನಮ್ಮಲ್ಲಿಯೋ, “ಮಾತು ಬರಲಿಲ್ಲ” ಎಂದು ಎರಡೋ ಮೂರೋ ವರ್ಷದ ಮಗುವನ್ನು ಮೊದಲ ಬಾರಿಗೆ ಕರೆತರುವ ತಂದೆತಾಯಿಗಳು ಅಪರೂಪವಲ್ಲ.

ಹಾಗೆಯೇ, ಪಾದ ತಿರುಚಿಕೊಂಡು ಹುಟ್ಟಿದ ಕೂಸಿಗೆ ಮೊದಲ ವಾರಗಳಲ್ಲಿಯೇ ವಾರಕ್ಕೊಮ್ಮೆ ಪಟ್ಟು ಬದಲಿಸುತ್ತ ಬಂದರೆ ದೊಡ್ಡ ಶಸ್ತ್ರಕ್ರಿಯೆಯಿಲ್ಲದೆ ಕಾಲು ನೇರವಾಗುತ್ತದೆ. ಪೊನ್ಸೆಟಿ ಎಂಬ ವೈದ್ಯರು ತೋರಿಸಿಕೊಟ್ಟ ಈ ಕ್ರಮವು ಇಂದು ಎಲ್ಲೆಡೆಯೂ ರೂಢಿಯಲ್ಲಿದೆ. ಹುಟ್ಟಿನಿಂದಲೇ ಥೈರಾಯಿಡ್ ರಸದ ಕೊರತೆಯುಳ್ಳ ಕೂಸಿಗೆ ಮೊದಲ ಎರಡು ವಾರಗಳಲ್ಲಿ ಸಾಧಾರಣ ಬೆಲೆಯ ಗುಳಿಗೆಯನ್ನು ಆರಂಭಿಸಿದರೆ ಬುದ್ಧಿಯ ಬೆಳವಣಿಗೆ ಕುಂದುವುದಿಲ್ಲ. ತಿಂಗಳುಗಟ್ಟಲೆ ತಡವಾದರೆ ಆದ ನಷ್ಟವನ್ನು ಆಮೇಲಿನ ಯಾವ ಔಷಧವೂ ಪೂರ್ತಿಯಾಗಿ ತುಂಬಲಾರದು.

ಸರಕಾರವು ಏನನ್ನೂ ಮಾಡಿಲ್ಲವೆಂದು ನಾವು ಹೇಳಿದರೆ ಅನ್ಯಾಯವಾದೀತು. 1975ನೆಯ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿಗಳ ಯೋಜನೆ ಆರಂಭವಾದಾಗ ನಮ್ಮ ನಾಡಿನ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿಯಿಲ್ಲದ ಊರನ್ನು ಹುಡುಕಬೇಕು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಸಂಸ್ಥೆ 1965ರಿಂದ ಕನ್ನಡನಾಡಿನಲ್ಲಿಯೇ ಇರುವುದು ನಮ್ಮ ಭಾಗ್ಯ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಇಬ್ಬರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿಗಾರರುಳ್ಳ ಸಂಚಾರಿ ತಂಡವು ಪ್ರತಿಯೊಂದು ಅಂಗನವಾಡಿಗೂ ವರ್ಷಕ್ಕೆ ಎರಡಾವರ್ತಿ ಬಂದು, ಹುಟ್ಟುದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ಕುಂಠಿತ ಎಂಬ ನಾಲ್ಕು ಬಗೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಬೇಕು. ಸಂದೇಹಕ್ಕೆ ಸಿಕ್ಕ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯಂತೂ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸತಕ್ಕದ್ದೆಂದು ವಿಧಿಸಿದೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿಯೇ ಮಗು ಯಾವ ತಿಂಗಳಿಗೆ ಕತ್ತು ನಿಲ್ಲಿಸಬೇಕು, ಯಾವ ತಿಂಗಳಿಗೆ ಕೂರಬೇಕು ಎಂಬುದು ಚಿತ್ರಸಹಿತವಾಗಿದೆ.

ಇಷ್ಟೆಲ್ಲ ಇದ್ದೂ ಮಗು ಸಕಾಲದಲ್ಲಿ ಸಹಾಯವನ್ನು ಮುಟ್ಟಲಾರದೆ ಏಕೆ ಉಳಿಯುತ್ತದೆ? ಕಾಗದದ ಮೇಲಿನ ದಾರಿಗೂ ಕಾಲ್ನಡಿಗೆಯ ದಾರಿಗೂ ಇರುವ ಅಂತರವನ್ನು ಅಳೆದು ನೋಡಿದರೆ ಉತ್ತರ ಸಿಗುತ್ತದೆ.

ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಕೂಲಿಕಾರನ ಮನೆಯನ್ನು ಕಲ್ಪಿಸಿಕೊಳ್ಳೋಣ. ಸಂಚಾರಿ ತಂಡದವರು ಬಂದ ದಿನ ಅವನ ಎರಡು ವರ್ಷದ ಮಗಳನ್ನು ನೋಡಿ, ಮಾತು ತಡವಾಗಿದೆ, ತುಮಕೂರಿಗೆ ಕರೆದುಕೊಂಡು ಹೋಗಿರೆಂದು ಚೀಟಿ ಬರೆದುಕೊಟ್ಟರೆಂದಿಟ್ಟುಕೊಳ್ಳಿ. ತುಮಕೂರಿಗೆ ನೂರು ಕಿಲೋಮೀಟರಿನಷ್ಟು ದಾರಿ. 2023ರ ಜೂನಿನಿಂದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದೆ. ಇದರಿಂದ ಇಂಥ ತಾಯಂದಿರಿಗೆ ಆದ ಉಪಕಾರವನ್ನು ಅದನ್ನು ಟೀಕಿಸುವವರು ಅರಿಯರು. ಆದರೆ ಬಸ್ಸಿನ ಚೀಟಿ ಉಚಿತವಾದರೂ ದಿನದ ಕೂಲಿ ಹೋಗುತ್ತದೆ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾಗುತ್ತದೆ. ಮೊದಲ ದಿನ ಕಿವಿಯ ಪರೀಕ್ಷೆಯಾಗಬೇಕೆನ್ನುವರು. ಯಂತ್ರದವರು ರಜೆಯಲ್ಲಿದ್ದರೆ ಇನ್ನೊಂದು ದಿನ. ಕಿವಿ ಸರಿಯಿದ್ದರೆ ಮನೋವಿಜ್ಞಾನಿಗಳ ಬಳಿ ಬುದ್ಧಿಯ ಪರೀಕ್ಷೆ. ಅದು ಮತ್ತೊಂದು ದಿನ. ಹೀಗೆ ಮೂರು ನಾಲ್ಕು ಸಲ ಹೋಗಿಬಂದ ಮೇಲೆ, ವಾರಕ್ಕೆ ಎರಡು ಸಲ ಅಭ್ಯಾಸಕ್ಕೆ ಬರತಕ್ಕದ್ದೆಂಬ ಸಲಹೆ ಸಿಗುತ್ತದೆ. ವಾರಕ್ಕೆ ಎರಡು ಸಲ ಇನ್ನೂರು ಕಿಲೋಮೀಟರು! ಎರಡು ತಿಂಗಳು ಹೋಗಿ ನಿಲ್ಲಿಸಿದ ತಾಯಿಯ ಹೆಸರಿನ ಮುಂದೆ “ಮತ್ತೆ ಬರಲಿಲ್ಲ” ಎಂದು ಬರೆದರೆ ದಫ್ತರಿನ ಕೆಲಸ ಮುಗಿಯಿತು.

ಉತ್ತರ ಕನ್ನಡದ ಹಳಿಯಾಳದವರ ಪಾಡು ಇನ್ನೊಂದು ಬಗೆಯದು. ಅವರ ಜಿಲ್ಲಾಸ್ಥಳವಾದ ಕಾರವಾರಕ್ಕೆ ಘಟ್ಟವಿಳಿದು ಹೋಗಬೇಕು. ಧಾರವಾಡವು ಕೈಯಳವಿನಲ್ಲಿದೆ, ಆದರೆ ಅದು ಬೇರೆ ಜಿಲ್ಲೆ. ಜಿಲ್ಲೆಯ ಎಲ್ಲೆಯನ್ನು ಕಂದಾಯದ ಸೌಕರ್ಯಕ್ಕಾಗಿ ಎಳೆದವರು, ಮಕ್ಕಳ ಚಿಕಿತ್ಸೆಯ ಕಾಗದಗಳೂ ಅದೇ ಗೆರೆಯೊಳಗೆ ಸುಳಿಯಬೇಕೆಂದು ಎಣಿಸಿರಲಾರರು.

ಈ ಜಿಲ್ಲಾ ಕೇಂದ್ರಕ್ಕೆ ‘ಶೀಘ್ರ ಮಧ್ಯಸ್ಥಿಕಾ ಕೇಂದ್ರ’ ಎಂದು ಹೆಸರಿಡುತ್ತಾರೆ. ಬಹುಮಂದಿ ಅದನ್ನು ಡಿ.ಇ.ಐ.ಸಿ. ಎಂದೇ ಕರೆಯುತ್ತಾರೆ. ಮಧ್ಯಸ್ಥಿಕೆಯೆಂದರೆ ನಮ್ಮ ಜನಕ್ಕೆ ಗಂಡಹೆಂಡಿರ ಜಗಳವೋ ಹೊಲದ ಬದುವಿನ ವ್ಯಾಜ್ಯವೋ ನೆನಪಾದರೆ ಆಶ್ಚರ್ಯವಿಲ್ಲ. ‘ಮಕ್ಕಳ ಬೆಳವಣಿಗೆಯ ಆಸ್ಪತ್ರೆ’ ಎಂದು ಫಲಕ ಬರೆಯಿಸಿದ್ದರೆ ಬಸ್ ನಿಲ್ದಾಣದಲ್ಲಿ ಕೇಳಿದವರಿಗೆ ದಾರಿಯಾದರೂ ತಿಳಿಯುತ್ತಿತ್ತು. ಹೆಸರು ಹೋಗಲಿ. ಶಿಶುವೈದ್ಯರು, ವಾಕ್‌ಶ್ರವಣತಜ್ಞರು, ಫಿಜಿಯೊಥೆರಪಿಸ್ಟರು, ಮನೋವಿಜ್ಞಾನಿಗಳು, ಕಣ್ಣು ನೋಡುವವರು, ವಿಶೇಷ ಶಿಕ್ಷಕರು ಇಷ್ಟು ಮಂದಿಯೂ ಅಲ್ಲಿರತಕ್ಕದ್ದೆಂದು ಯೋಜನೆಯ ನಿಬಂಧನೆಗಳಲ್ಲಿದೆ. ತಮ್ಮ ಜಿಲ್ಲೆಯಲ್ಲಿ ಇವರ ಪೈಕಿ ಎಷ್ಟು ಮಂದಿ ಇದ್ದಾರೆ, ಎಷ್ಟು ಕುರ್ಚಿಗಳು ಖಾಲಿಯಾಗಿವೆ, ಎಷ್ಟು ಮಂದಿ ವರ್ಷವರ್ಷದ ಕರಾರಿನ ಮೇಲೆ ದುಡಿಯುತ್ತಿದ್ದಾರೆ ಎಂಬುದನ್ನು ನಮ್ಮ ಶಾಸಕರು ಒಂದು ಸೋಮವಾರ ಮುನ್ಸೂಚನೆಯಿಲ್ಲದೆ ಹೋಗಿ ನೋಡಲಿ.

ಯಾದಗಿರಿ, ರಾಯಚೂರು ಕಡೆಗಳಿಂದ ಬೆಂಗಳೂರಿನ ಕಟ್ಟಡಗಳಿಗೆ ದುಡಿಯಲು ಬರುವವರ ಮಕ್ಕಳ ಗತಿ ಎಲ್ಲರಿಗಿಂತ ಕಷ್ಟದ್ದು. ಹೆಸರು ಊರಿನ ಅಂಗನವಾಡಿಯ ಪಟ್ಟಿಯಲ್ಲಿ. ಮಗು ರಾಜಧಾನಿಯ ತಗಡಿನ ಗುಡಿಸಿಲಿನಲ್ಲಿ. ತಂಡವು ಊರಿಗೆ ಹೋದಾಗ ಮಗು ಅಲ್ಲಿಲ್ಲ. ತಂಡವು ಇಲ್ಲಿಗೆ ಬಂದರೆ ಪಟ್ಟಿಯಲ್ಲಿ ಹೆಸರಿಲ್ಲ.

ಕಾಯಿದೆಯಲ್ಲಿಯೂ ಒಂದು ದೊಡ್ಡ ಬಿರುಕಿದೆ. ಅದನ್ನು ನಮ್ಮ ಪ್ರಜಾಪ್ರತಿನಿಧಿಗಳು ಗಮನಿಸಬೇಕಾಗಿ ಬಿನ್ನಹ. ಮೂಲ ಸಂವಿಧಾನದ 45ನೆಯ ಅನುಚ್ಛೇದವು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣವನ್ನೂ ಒಟ್ಟಿಗೆ ಹೇಳಿತ್ತು. 2002ರಲ್ಲಿ ಅದನ್ನು ಎರಡಾಗಿ ಸೀಳಿದರು. ಆರರಿಂದ ಹದಿನಾಲ್ಕರವರೆಗಿನವರಿಗೆ ಮೂಲಭೂತ ಹಕ್ಕು ದೊರೆಯಿತು. ಆರರ ಒಳಗಿನವರಿಗೆ ಉಳಿದದ್ದು ರಾಜ್ಯವು ಪ್ರಯತ್ನಿಸತಕ್ಕದ್ದೆಂಬ ನಿರ್ದೇಶನ ಮಾತ್ರ. ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವಂತಿಲ್ಲ. 2016ರ ಕಾಯಿದೆಯು ವಿಕಲಾಂಗ ಮಕ್ಕಳಿಗೆ ಕೊಟ್ಟ ಉಚಿತ ಶಿಕ್ಷಣದ ಹಕ್ಕೂ ಆರನೆಯ ವಯಸ್ಸಿನಿಂದಲೇ ಮೊದಲಾಗುತ್ತದೆ. ಯಾವ ಆರು ವರ್ಷಗಳಲ್ಲಿ ಸಹಾಯವು ಅತ್ಯಂತ ಫಲಪ್ರದವೋ ಆ ಆರು ವರ್ಷಗಳಲ್ಲಿ ಮಗುವಿಗೆ ಪರೀಕ್ಷೆಯ ಭರವಸೆಯುಂಟು, ಚಿಕಿತ್ಸೆಯ ಹಕ್ಕಿಲ್ಲ. ಆರು ತುಂಬಿದ ಮೇಲಾದರೂ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆಯೆಂಬ ಪ್ರಮಾಣಪತ್ರ ಬೇಕು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ದೊರೆಯುತ್ತದೆ. ಅದಕ್ಕೂ ಪ್ರಮಾಣಪತ್ರ ಬೇಕು. ಬೆಳೆಯುತ್ತಿರುವ ಎಳೆಯ ಮಗುವಿನ ಕುಂದನ್ನು ಇಷ್ಟು ಪಾಲೆಂದು ತೂಗಿ ಹೇಳಲು ವೈದ್ಯರು ಹಿಂಜರಿಯುವುದು ಸಹಜ. ಮಗನಿಗೆ ವಿಕಲಾಂಗನೆಂಬ ಮುದ್ರೆ ಬೀಳುವುದನ್ನು ತಂದೆ ಸಹಿಸಲಾರದಿರುವುದೂ ಸಹಜ. ಕೆಡುವುದನ್ನು ತಡೆಯಲು ಸಹಾಯ ಬೇಕೆಂದವನಿಗೆ, ಕೆಟ್ಟದ್ದಕ್ಕೆ ರುಜುವಾತು ತಾರೆಂದಂತಾಯಿತು.

2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ದೇಶದಲ್ಲಿ ವಿಕಲಾಂಗರೆಂದು ಎಣಿಸಿದರು. ಅದು ಮನೆಯವರ ಬಾಯಿಂದ ಕೇಳಿ ಬರೆದುಕೊಂಡ ಲೆಕ್ಕ. ಆಟಿಸಮ್ಮಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕವಾದ ಕಲಮೇ ಇರಲಿಲ್ಲ. ಹೇಳಿಕೊಳ್ಳದವರ, ಇನ್ನೂ ತಿಳಿಯದವರ ಸಂಖ್ಯೆಯನ್ನು ಊಹಿಸಬಹುದು.

ಇನ್ನು ನುಡಿಯ ಪ್ರಶ್ನೆ. ಈ ಪತ್ರಿಕೆಯ ವಾಚಕರಿಗೆ ಇದು ಹೊಸದಲ್ಲವಾದರೂ, ಇಲ್ಲಿ ಅದು ಅಭಿಮಾನದ ಮಾತಾಗಿರದೆ ಔಷಧದ ಮಾತಾಗಿದೆ. ವಾಕ್‌ಚಿಕಿತ್ಸಕರು ಮಗುವಿನೊಡನೆ ಕಳೆಯುವುದು ವಾರಕ್ಕೆ ಒಂದೋ ಎರಡೋ ಗಂಟೆ. ಉಳಿದ ಹೊತ್ತೆಲ್ಲ ಮಗು ತಾಯಿಯೊಡನೆ. ಅನ್ನ ಕಲಸುವಾಗ, ಎಣ್ಣೆ ಹಚ್ಚುವಾಗ, ಬಟ್ಟೆ ತೊಡಿಸುವಾಗ ಅವಳಾಡುವ ಮಾತೇ ನಿಜವಾದ ಚಿಕಿತ್ಸೆ. ಚಿಕಿತ್ಸಕರ ಕೆಲಸವೆಂದರೆ ಮುಖ್ಯವಾಗಿ ಅವಳನ್ನು ತಯಾರುಮಾಡುವುದು. ಮೈಸೂರಿನ ಸಂಸ್ಥೆಯವರು ಇದನ್ನು ಚೆನ್ನಾಗಿ ಅರಿತು ತಮ್ಮ ಶಿಶುಶಾಲೆಯಲ್ಲಿ ತಾಯಂದಿರನ್ನೂ ಮಕ್ಕಳ ಪಕ್ಕದಲ್ಲಿ ಕೂರಿಸಿ ಕಲಿಸುತ್ತಾರೆ. ಅದಕ್ಕಾಗಿ ದೂರದ ಊರುಗಳಿಂದ ಬಂದು ಆ ನಗರದಲ್ಲಿ ಕೋಣೆ ಬಾಡಿಗೆ ಹಿಡಿದು ನಿಲ್ಲುವ ತಾಯಂದಿರುಂಟು. ಕನ್ನಡದಲ್ಲಿ ಪರೀಕ್ಷಾಸಾಮಗ್ರಿಯನ್ನೂ ಅವರು ಸಿದ್ಧಪಡಿಸಿದ್ದಾರೆ. ಬೇರೆ ಕಡೆಗಳಲ್ಲಿಯೋ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿದ ಹಾಳೆಯಲ್ಲಿ ಕೊಟ್ಟು ಕಳುಹಿಸುವುದುಂಟು. ನಗರಗಳಲ್ಲಿ ಇದಕ್ಕಿಂತ ಕೆಟ್ಟ ಸಲಹೆಯೊಂದು ಹಬ್ಬಿದೆ: ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕು, ಮುಂದಿನ ಶಾಲೆಗೆ ಬೇಕಾಗುವ ಇಂಗ್ಲಿಷನ್ನೇ ಮನೆಯಲ್ಲಿ ಆಡಿರಿ, ಎಂದು. ಎರಡು ಭಾಷೆಗಳನ್ನು ಕೇಳುವುದರಿಂದ ವಾಗ್ದೋಷ ಹುಟ್ಟುವುದಿಲ್ಲವೆಂದು ಶಾಸ್ತ್ರಜ್ಞರು ಸಂಶೋಧನೆಯಿಂದ ಕಂಡುಕೊಂಡಿದ್ದಾರೆ. ಕನ್ನಡವೋ ತುಳುವೋ ಲಂಬಾಣಿಯೋ ಉರ್ದುವೋ ತಾಯಿಗೆ ಸರಾಗವಾಗಿ ಬರುವ ನುಡಿಯನ್ನು ಅವಳ ಬಾಯಿಂದ ಕಿತ್ತುಕೊಂಡು, ಅವಳಿಗೇ ತಡವರಿಸುವ ನುಡಿಯನ್ನು ಕೊಟ್ಟರೆ, ಮಾತಿಗಾಗಿ ಹಸಿದ ಮಗುವಿನ ತುತ್ತು ಅರ್ಧವಾಗುತ್ತದೆ.

ನಗರದ ಅನುಕೂಲಸ್ಥರು ಈ ಕಷ್ಟಗಳು ಬಡವರವೆಂದು ತಿಳಿಯಬಾರದು. ಸಂಚಾರಿ ತಂಡವು ಹೋಗುವುದು ಅಂಗನವಾಡಿಗೆ; ಅನುಕೂಲಸ್ಥರ ಮಗು ಅಲ್ಲಿಗೆ ಹೋಗುವುದಿಲ್ಲ. ಲಸಿಕೆ ಹಾಕಿಸಲು ಖಾಸಗಿ ವೈದ್ಯರ ಬಳಿಗೆ ಹೋದಾಗ ತೂಕ ನೋಡಿ ಕಳುಹಿಸಿದರೆ ಮುಗಿಯಿತು. ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಕೇಳಲು ಅವರಿಗೂ ಪುರಸತ್ತಿಲ್ಲ. ಸಂದೇಹ ಬಂದ ಮೇಲೂ ಮನೆಯ ಮರ್ಯಾದೆ ಅಡ್ಡ ಬರುತ್ತದೆ. ಮದುವೆಗೆ ಬಂದ ಅತ್ತೆಯೊಬ್ಬಳಿದ್ದರಂತೂ ಮಗುವನ್ನು ನೆಂಟರ ಮುಂದೆ ತರುವುದೇ ಇಲ್ಲ. ತಾಯಿ ಕೆಲಸಕ್ಕೆ ಹೋಗಿದ್ದರಿಂದ ಹೀಗಾಯಿತು, ಮೊಬೈಲು ಕೈಗೆ ಕೊಟ್ಟದ್ದರಿಂದ ಹೀಗಾಯಿತು ಎಂದು ಅವಳ ಮೇಲೆಯೇ ಅಪವಾದ. ಮೊಬೈಲನ್ನು ನಾವು ಸಮರ್ಥಿಸುವುದಿಲ್ಲ; ಆದರೆ ಆಟಿಸಮ್ಮು ತಾಯಿಯ ಅಲಕ್ಷ್ಯದಿಂದ ಬರತಕ್ಕದ್ದಲ್ಲವೆಂಬುದು ಬಹುಕಾಲದ ಹಿಂದೆಯೇ ತೀರ್ಮಾನವಾದ ವಿಷಯ. ಅಪವಾದಕ್ಕೆ ಅಂಜಿದ ತಾಯಿ ಬಾಯಿಬಿಡುವುದಿಲ್ಲ. ಅಲ್ಲಿಯೂ ಕಾಲ ಹೋಗುತ್ತದೆ. ಕಡೆಗೆ ಖಾಸಗಿ ಚಿಕಿತ್ಸಾಲಯಕ್ಕೆ ಹೋದರೆ ಗಂಟೆಯ ಲೆಕ್ಕದಲ್ಲಿ ಹಣ; ಗುಮಾಸ್ತನ ಸಂಬಳ ಅದಕ್ಕೆ ಸಾಲದು.

ಎಲ್ಲ ಭಾರವನ್ನೂ ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ ಹೊರಿಸುವ ಅಭ್ಯಾಸವನ್ನೂ ಇಲ್ಲಿ ಖಂಡಿಸಬೇಕಾಗಿದೆ. 2023ನೆಯ ನವೆಂಬರಿನಲ್ಲಿ ಕೇಂದ್ರ ಸರಕಾರವು ವಿಕಲಾಂಗ ಮಕ್ಕಳಿಗಾಗಿ ಅಂಗನವಾಡಿಗಳು ಅನುಸರಿಸತಕ್ಕ ಕ್ರಮವೊಂದನ್ನು ಪ್ರಕಟಿಸಿತು. ಉದ್ದೇಶ ಸ್ತುತ್ಯ. ಆದರೆ ಮಕ್ಕಳಿಗೆ ಊಟ, ತೂಕ, ಪಾಠ, ಗರ್ಭಿಣಿಯರ ಪಟ್ಟಿ, ದೂರವಾಣಿಯೊಳಗೆ ತುಂಬಬೇಕಾದ ಅಂಕಿಗಳು, ಇವುಗಳ ನಡುವೆ ಗೌರವಧನದ ಮೇಲೆ ದುಡಿಯುವ ಆ ಹೆಂಗಸು ಸಂದೇಹವಿರುವ ಮಗುವನ್ನು ಗುರುತಿಸಿದಳೆಂದೇ ಇಟ್ಟುಕೊಳ್ಳಿ. ಕಳುಹಿಸಲು ಹತ್ತಿರದಲ್ಲಿ ಸ್ಥಳವಿಲ್ಲದಿದ್ದರೆ ಅವಳು ಮಾಡುವುದೇನು? ತಾಯಿಯನ್ನು ಹೆದರಿಸಿ ಬಿಟ್ಟಂತಾಯಿತು, ಅಷ್ಟೆ. ತಿರುವನಂತಪುರದ ಶಿಶುವಿಕಾಸ ಕೇಂದ್ರದವರು ರಚಿಸಿದ ಹದಿನೇಳು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿಯಿದೆ. ಎರಡು ವರ್ಷದೊಳಗಿನ ಮಗುವಿನ ಬೆಳವಣಿಗೆಯನ್ನು ಅದರಿಂದ ಕೆಲವೇ ನಿಮಿಷಗಳಲ್ಲಿ ನೋಡಬಹುದು. ಗುರುತಿಸುವ ವಿದ್ಯೆ ಕಷ್ಟದ್ದಲ್ಲ. ಗುರುತಿಸಿದ ಮೇಲಿನ ದಾರಿಯೇ ಕಷ್ಟದ್ದು.

ಆ ದಾರಿಯನ್ನು ಗಿಡ್ಡವಾಗಿಸಲು ಹೊಸ ಕಾಯಿದೆಗಾಗಿ ಕಾಯಬೇಕಾದ್ದಿಲ್ಲ. ಇಂದು ಬಹುಪಾಲು ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುವುದರಿಂದ, ಬಾಣಂತಿಯು ಮನೆಗೆ ಹೋಗುವ ಮುನ್ನ ಕೂಸಿನ ಕಿವಿಯ ಪರೀಕ್ಷೆಯಾಗಿಯೇ ತೀರಬೇಕೆಂದು ನಿಯಮ ಮಾಡಬಹುದು. ಮೈಸೂರಿನ ಸಂಸ್ಥೆಯವರು ಕೆಲವು ಆಸ್ಪತ್ರೆಗಳಲ್ಲಿ ಇದನ್ನು ನಡೆಸುತ್ತಲೂ ಇದ್ದಾರೆ. ತಜ್ಞರನ್ನು ಪ್ರತಿಯೊಂದು ತಾಲ್ಲೂಕಿಗೂ ಖಾಯಂ ಆಗಿ ಕೊಡಲು ಸಾಧ್ಯವಿಲ್ಲವೆಂದರೆ, ವಾರಕ್ಕೊಂದು ಗೊತ್ತಾದ ದಿನ ಅವರನ್ನೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬಹುದು. ಆ ದಿನವು ಸಂತೆಯ ದಿನವಾಗಿರಲಿ. ಹೇಗೂ ಊರಿಂದ ಬರುವವರು ಮಗುವನ್ನೂ ಎತ್ತಿಕೊಂಡು ಬರುತ್ತಾರೆ, ಕೂಲಿಯೂ ತಪ್ಪುವುದಿಲ್ಲ. ತೀರ ದೂರ ಹೋಗಲೇಬೇಕಾದವರಿಗೆ ದಿನದ ಕೂಲಿಯನ್ನು ಕಟ್ಟಿಕೊಡುವುದು ಸರಕಾರಕ್ಕೆ ಅಪೂರ್ವವಾದ ಕೆಲಸವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕೂಲಿ ನಷ್ಟದ ಪರಿಹಾರವನ್ನು ಅದು ಕೊಡುತ್ತಲೇ ಬಂದಿದೆ. ಮಕ್ಕಳು ಹುಟ್ಟದಂತೆ ಮಾಡುವುದಕ್ಕೆ ಕೊಡುವ ಹಣವನ್ನು ಹುಟ್ಟಿದ ಮಗು ನಡೆಯುವಂತೆ ನುಡಿಯುವಂತೆ ಮಾಡುವುದಕ್ಕೆ ಕೊಡಬಾರದೇಕೆ? ಆರು ವರ್ಷದೊಳಗಿನವರಿಗೆ ಪ್ರಮಾಣಪತ್ರವನ್ನು ಕೇಳದೆ, ಸಂಚಾರಿ ತಂಡದ ವೈದ್ಯರ ಚೀಟಿಯ ಮೇಲೆಯೇ ಚಿಕಿತ್ಸೆಯನ್ನು ಆರಂಭಿಸುವ ಅಧಿಕಾರವನ್ನು ಕೊಡತಕ್ಕದ್ದು. ಹಳಿಯಾಳದವರು ಧಾರವಾಡದಲ್ಲಿ ತೋರಿಸಿಕೊಂಡರೆ ಖರ್ಚನ್ನು ಎರಡು ಜಿಲ್ಲೆಗಳ ದಫ್ತರುಗಳು ತಮ್ಮತಮ್ಮಲ್ಲಿ ಸರಿಪಡಿಸಿಕೊಳ್ಳಲಿ.

ಇದಕ್ಕೆಲ್ಲ ಮುಂಚೆ, ಒಂದು ಬಿಡಿಕಾಸಿನ ಖರ್ಚೂ ಇಲ್ಲದ ಕೆಲಸವೊಂದಿದೆ. ಪ್ರತಿಯೊಂದು ತಿಂಗಳೂ ಜಿಲ್ಲೆಯ ಸಭೆಗಳಲ್ಲಿ ಎಷ್ಟು ಮಕ್ಕಳನ್ನು ಪರೀಕ್ಷಿಸಲಾಯಿತು, ಎಷ್ಟು ಮಕ್ಕಳನ್ನು ಮುಂದಕ್ಕೆ ಕಳುಹಿಸಲಾಯಿತು ಎಂಬ ಅಂಕಿಗಳನ್ನು ಓದುತ್ತಾರೆ. ಸಂಖ್ಯೆ ದೊಡ್ಡದಾದರೆ ತೃಪ್ತಿಯಿಂದ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಇದೇ ತಿಂಗಳ ಸಭೆಯಲ್ಲಿ ಅಧ್ಯಕ್ಷಸ್ಥಾನದಲ್ಲಿರುವವರು, ಆರು ತಿಂಗಳ ಹಿಂದೆ ಚೀಟಿ ಬರೆದುಕೊಟ್ಟ ಮಕ್ಕಳ ಪಟ್ಟಿಯನ್ನು ತರಿಸಿಕೊಂಡು, ಇವರಲ್ಲಿ ಜಿಲ್ಲಾಸ್ಥಳವನ್ನು ಮುಟ್ಟಿದವರು ಎಷ್ಟು ಮಂದಿ, ಎರಡನೆಯ ಸಲ ಬಂದವರು ಎಷ್ಟು ಮಂದಿ, ಇಂದಿಗೂ ಬರುತ್ತಿರುವವರು ಎಷ್ಟು ಮಂದಿ ಎಂದು ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೇಳಲಿ. ಬಾರದವರ ಮನೆಗೆ ಯಾರು ಹೋಗಿ ವಿಚಾರಿಸಿದರೆಂಬುದನ್ನೂ ಕೇಳಿ ಬರೆಯಿಸಿಕೊಳ್ಳಲಿ.